ಇಲ್ಲದ ಹುಲಿ

ಫಾಲ್ಗುಣ ಬಹುಳ ತದಿಗೆಯಂದು, ಬಿಸಿಲೇರುವ ಹೊತ್ತಿಗೆ, ಹಿಂಡಿನ ಹಿರಿಯ ಹರಿಣಿ ಕೆರೆಯಂಚಿನಿಂದ ಮತ್ತೊಮ್ಮೆ ನಡುಗುತ್ತ ಓಡಿದಳು. ಹುಲಿಯಿರಲಿಲ್ಲ, ಎದೆ ಮಾತ್ರ ಹುಲಿಯನ್ನು ಕಂಡಂತೆ ಬಡಿದುಕೊಂಡಿತ್ತು. ತಾಯಿಯಿಲ್ಲದೆ ನೀರಿಗಿಳಿಯದ ಮರಿ ಬಾಯಾರಿಯೇ ಹಿಂದೆ ಓಡಿತು.

ಮರಿಯ ಒಣಗಿದ ನಾಲಿಗೆ ಕಂಡು ಹರಿಣಿ ಬಿಗುಮಾನ ಬಿಟ್ಟು, ಅಂಜಿಕೆಗೆ ಚಿಕಿತ್ಸೆ ಮಾಡುವ ಆಮೆಯ ಬಳಿಗೆ ಹೋದಳು.

"ಹಿಂಡು ಕಾಯುವವಳಿಗೇ ಚಿಕಿತ್ಸೆಯೆಂದರೆ ಕೋತಿಗಳು ಕೊಂಬೆ ಮುರಿಯುವಂತೆ ನಕ್ಕಾವು."

"ನಗಲಿ ತಾಯಿ, ಅವಕ್ಕೆ ಬೇರೆ ಕೆಲಸವೇನಿದೆ?" ಎಂದು ಆಮೆ ಅವಳನ್ನು ಪರೀಕ್ಷಿಸಿತು. "ಗುಂಡಿಗೆ ಗಟ್ಟಿಯಾಗಿದೆ. ಗಾಳಿಯಲ್ಲಿ ಹುಲಿಯ ವಾಸನೆಯಿತ್ತೇ?"

"ಇಲ್ಲ. ಆದರೂ ಓಡಿದೆ, ಓಡಿದ್ದರಿಂದಲೇ ಬದುಕಿದೆ."

"ಹಾಗೆ ಓಡಿದಾಗಲೆಲ್ಲ, ಹುಲಿ ಇದ್ದೇ ಇತ್ತೆಂದು ನಿಮ್ಮ ಎದೆ ನಂಬುತ್ತದೆ. ನಾಳೆ ನಾನು ಜೊತೆಗಿರುತ್ತೇನೆ. ವಾಸನೆಯಿಲ್ಲದೆ ನಡುಕ ಬಂದರೆ, ಅದು ಇಳಿಯುವವರೆಗೂ ನಿಲ್ಲಿ."

ಮರುದಿನ ಕೆರೆಯಂಚಿನಲ್ಲಿ ನಡುಕ ಬಂದೇ ಬಂತು.

"ಎದೆ ಒಡೆದೀತು!" ಎಂದಳು ಹರಿಣಿ.

"ಒಡೆಯದು. ನಿಧಾನವಾಗಿ ಉಸಿರು ಬಿಡಿ."

ಅವಳು ನಿಂತಳು. ನಡುಕ ಏರಿತು, ಇನ್ನೂ ಏರಿತು, ಆಮೇಲೆ ತಾನಾಗಿಯೇ ಇಳಿಯಿತು. ಪಕ್ಕದಲ್ಲಿ ಮರಿ ಹೊಟ್ಟೆ ತುಂಬ ನೀರು ಕುಡಿಯಿತು.

"ಗುಣವಾಯಿತೇ?" ಎಂದು ಹರಿಣಿ ಆಮೆಯನ್ನು ಕೇಳಿದಳು.

"ಇಲ್ಲ. ನಡುಕ ಮತ್ತೆ ಬರುತ್ತದೆ; ನೀವೂ ಬರಬೇಕು."

ಗುಣವಾಗುವವರೆಗೂ ಆಮೆಯ ಬಳಿಗೆ ಹೋಗುವುದೆಂದು ಹರಿಣಿ ನಿರ್ಧರಿಸಿದಳು.