ಬೇಳೆಯಲ್ಲೂ ಅಧ್ಯಕ್ಷರು

ಆಹಾರ ಸಹಕಾರ ಸಂಘದಿಂದ ದಿನಸಿ ತರಿಸಿಕೊಳ್ಳುವ ಹೊಸ ವೆಬ್‌ಸೈಟಿನಲ್ಲಿ ಯಾವ ಲಿಂಕ್ ಒತ್ತಿದರೆ ಯಾವ ಪುಟ ತೆರೆಯಬೇಕೆಂದು ಗುಮಾಸ್ತೆ ಹೊಂದಿಸುತ್ತಿದ್ದಳು. ಅಧ್ಯಕ್ಷ ಪಾಲಾಕ್ಷಯ್ಯನವರು ಬಂದು ಗುಡುಗಿದರು.

"ಜನ ಏನೇ ಒತ್ತಲಿ, ನನ್ನ ಫೋಟೋನೇ ಬರಬೇಕು!"

ವಾದ ಮಾಡಿದರೆ ಕೆಲಸಕ್ಕೇ ಸಂಚಕಾರ. "ಆಗಲಿ ಸಾರ್" ಎಂದವಳೇ ಎಲ್ಲ ಲಿಂಕುಗಳನ್ನೂ ಆ ಫೋಟೋ ಕಡೆಗೇ ತಿರುಗಿಸಿದಳು. "ಮೊದಲ ಆರ್ಡರ್ ನಿಮ್ಮ ಮನೆಯಿಂದಲೇ ಬರಲಿ ಸಾರ್."

ಅಧ್ಯಕ್ಷರು ಹಿಗ್ಗಿ ಹೀರೇಕಾಯಿಯಾಗಿ ಹೆಂಡತಿಗೆ ಹೇಳಿದರು. ಸ್ವಲ್ಪ ಹೊತ್ತಿಗೇ ಆಕೆಯ ಫೋನ್ ಬಂತು. ಆ ದನಿ ಗುಮಾಸ್ತೆಯ ಮೇಜಿನವರೆಗೂ ಕೇಳಿಸಿತು.

"ಬೇಳೆ ಒತ್ತಿದ್ರೆ ನೀವು. ಎಣ್ಣೆ ಒತ್ತಿದ್ರೂ ನೀವೇ. ಮಧ್ಯಾಹ್ನದ ಸಾರಿಗೆ ನಿಮ್ಮನ್ನೇ ಬೇಯಿಸ್ಲಾ?"

ಪಾಲಾಕ್ಷಯ್ಯನವರು ಮೆಲ್ಲಗೆ ಫೋನಿಟ್ಟರು. ಗುಮಾಸ್ತೆಯ ಮೇಜಿನ ಬಳಿ ಬಂದು ಕೈಮುಗಿದರು.

"ತಾಯೀ, ಅವಳು ಒಲೆ ಹಚ್ಚೋದ್ರೊಳಗೆ ನನ್ನನ್ನ ಅಲ್ಲಿಂದ ಆಚೆ ತೆಗಿಯಮ್ಮಾ!"