ಎತ್ತಿದ ಕೈ

ತೈಲವರ್ಣ ಕಲಿಯುತ್ತಿದ್ದ ಗಿರಿಮಲ್ಲ ಒಂದು ದಿನ ಗುರುಗಳನ್ನು ಕೇಳಿದ: “ಗುರುಗಳೇ, ಹಳೆಯ ಚಿತ್ರವನ್ನು ನೋಡಿ ನೋಡಿ ನಕಲು ಮಾಡುತ್ತಿದ್ದೇನೆ. ಎಷ್ಟರ ಮಟ್ಟಿಗೆ ಬಂದರೆ ಕಲಿತಂತೆ?”

ಗುರುಗಳು ಕುಂಚ ಒರೆಸುತ್ತಾ ಹೇಳಿದರು:

ಒಬ್ಬ ಚಿತ್ರಕಾರನಿದ್ದ. ಹೊಳೆಯ ದಂಡೆಯ ಊರು ಅವನದು. ಅವನಿಗೆ ಗೆರೆ ಒಲಿದಿತ್ತು, ಎಣ್ಣೆಬಣ್ಣ ಒಲಿದಿರಲಿಲ್ಲ. ಆ ಊರಿನ ಸಿರಿವಂತರೊಬ್ಬರ ಮನೆಯಲ್ಲಿ ಪರದೇಶದಿಂದ ಬಂದ ಹಳೆಯ ಚಿತ್ರವೊಂದಿತ್ತು. ಕಡಿದಾದ ಬೆಟ್ಟಗಳ ನಡುವೆ ಉಕ್ಕಿ ಹರಿಯುವ ನದಿ, ಹೊತ್ತು ಮುಳುಗುವಾಗಿನ ಬೆಳಕು, ನಡುನೀರಿನ ಬಂಡೆಯ ಮೇಲೆ ಬೆರಳುದ್ದದ ಒಬ್ಬ ಮನುಷ್ಯ. ಅವನು ಒಂದು ಕೈ ಎತ್ತಿದ್ದ. ಯಾರನ್ನಾದರೂ ಕರೆಯುತ್ತಿದ್ದನೋ, ಬೀಳ್ಕೊಡುತ್ತಿದ್ದನೋ, ತಿಳಿಯುತ್ತಿರಲಿಲ್ಲ. ಚಿತ್ರಕಾರ ಮನೆಯವರ ಅಪ್ಪಣೆ ಪಡೆದು ಅದರ ಮುಂದೆ ಕುಳಿತ.

ಮೊದಲು ಕಂದು ಬಣ್ಣದ ತಳಪದರ ಹಾಕಿದ. ಅದು ಒಣಗಿದ ಮೇಲೆ ಅಗಸೆ ಎಣ್ಣೆಯಲ್ಲಿ ತೆಳುಮಾಡಿದ ಬಣ್ಣವನ್ನು ಪದರ ಪದರವಾಗಿ ಹಚ್ಚಿದ. ನೀರು ಬಂತು, ಬೆಟ್ಟ ಬಂತು, ಬೆಳಕೂ ಬಂತು. ಆ ಕೈ ಮಾತ್ರ ಬರಲಿಲ್ಲ. ಬರೆದ, ಬಟ್ಟೆಯಿಂದ ಒರೆಸಿದ, ಮತ್ತೆ ಬರೆದ. ತಿಂಗಳುಗಳು ಹೋದವು. ಉಣ್ಣುವಾಗಲೂ ತನ್ನ ಕೈಯನ್ನೇ ಎತ್ತಿ ನೋಡಿಕೊಳ್ಳುತ್ತಿದ್ದ. ಯಾರಾದರೂ ಮಾತನಾಡಿಸಿದರೆ ಅವರ ತುಟಿಯ ಬಣ್ಣ ಕಾಣುತ್ತಿತ್ತು, ಮಾತು ತಲುಪುತ್ತಿರಲಿಲ್ಲ.

ಒಂದು ಸಂಜೆ ಅವನು ಊರ ಹೊಳೆಗೆ ಹೋದ. ಮೇಲೆಲ್ಲೋ ಮಳೆಯಾಗಿ ಹೊಳೆ ಏರುತ್ತಿತ್ತು. ನಡುನೀರಿನ ಬಂಡೆಯ ಮೇಲೆ ಒಬ್ಬ ಮನುಷ್ಯ ನಿಂತಿದ್ದ. ಅವನು ಕೈ ಎತ್ತಿದ. ಚಿತ್ರಕಾರ ಉಸಿರು ಬಿಗಿಹಿಡಿದು ನೋಡಿದ. ಮುಂಗೈ ಎಲ್ಲಿ ಬಾಗುತ್ತದೆ, ನೆರಳು ಎಲ್ಲಿ ಬೀಳುತ್ತದೆ, ಎಲ್ಲವೂ ಕಂಡಿತು. ಸಿರಿವಂತರ ಮನೆಗೆ ಓಡಿಹೋಗಿ, ಬೆಳಕು ಆರುವ ಮೊದಲೇ ಆ ಕೈಯನ್ನು ಬರೆದ. ಈ ಸಲ ಒರೆಸಬೇಕಾಗಲಿಲ್ಲ.

ಮರುದಿನ ಹೊಳೆ ಇಳಿಯಿತು. ಮೀನುಗಾರನೊಬ್ಬನ ಹೆಣ ದಂಡೆಗೆ ಬಂದು ಬಿದ್ದಿತ್ತು.

ಮುಗಿದ ನಕಲನ್ನು ಚಿತ್ರಕಾರ ತನ್ನ ಮನೆಗೆ ತಂದು ತೂಗುಹಾಕಿದ. ಕೆಲವು ವಾರಗಳ ಮೇಲೆ ಸತ್ತವನ ಹೆಂಡತಿ ಅವನನ್ನು ಹುಡುಕಿಕೊಂಡು ಬಂದಳು.

“ಅಣ್ಣಾ, ಆವತ್ತು ನೀವು ದಂಡೆಯ ಮೇಲೆ ನಿಂತಿದ್ದನ್ನು ಕಂಡವರಿದ್ದಾರೆ. ನಮ್ಮವರು ಕೂಗಲಿಲ್ಲವೇ?”

“ಕೂಗಿದ್ದು ಕೇಳಿಸಲಿಲ್ಲ, ತಾಯಿ. ಕೈ ಎತ್ತಿದ್ದು ಕಂಡಿತು.”

ಅವಳ ಕಣ್ಣು ಅವನ ಹಿಂದೆ ಗೋಡೆಯ ಮೇಲಿದ್ದ ಚಿತ್ರಕ್ಕೆ ಹೋಯಿತು. ಬಹಳ ಹೊತ್ತು ನೋಡಿದಳು. “ಇದು ನಮ್ಮವರ ಕೈ,” ಎಂದಳು. ಹತ್ತಿರ ಹೋಗಿ ಬೆರಳು ತಾಗಿಸಿದಳು. ಚಿತ್ರವೆಲ್ಲ ಒಣಗಿತ್ತು, ಆ ಕೈಯೊಂದು ಹಸಿಯಾಗಿತ್ತು. ಅವಳ ಬೆರಳಿಗೆ ಅಂಟಿದ್ದು ಬಣ್ಣವಲ್ಲ, ನೀರು. ಸೆರಗಿನಿಂದ ಮೆಲ್ಲಗೆ ಒರೆಸಿದಳು. ಮತ್ತೆ ಒಸರಿತು. ಮತ್ತೆ ಒರೆಸಿದಳು. ಸೆರಗು ತೊಯ್ದು ನೆಲಕ್ಕೆ ಹನಿಯುವವರೆಗೂ ಒರೆಸಿ, ಹೊರಟುಹೋದಳು.

ಚಿತ್ರಕಾರ ಚಿತ್ರವನ್ನು ಗೋಡೆಯ ಕಡೆಗೆ ತಿರುಗಿಸಿದ. ಬೆಳಗಾಗುವಷ್ಟರಲ್ಲಿ ಗೋಡೆಯೂ ತೇವವಾಗಿತ್ತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಗಿರಿಮಲ್ಲ ಕೇಳಿದ: “ಹಾಗಾದರೆ, ಗುರುಗಳೇ, ಆ ನಕಲು ಮೂಲದಷ್ಟೇ ಚೆನ್ನಾಗಿ ಬಂದಿತ್ತೇ?”

ಗುರುಗಳು ಅವನ ಮುಖವನ್ನೇ ನೋಡಿ ಹೇಳಿದರು: “ಮುಳುಗಿದವನ ಹೆಸರೇನೆಂದು ನೀನೂ ಕೇಳಲಿಲ್ಲ.”