ಬೀರುವಿನೊಳಗಿನ ಸದ್ದು

ಒಬ್ಬಳು ತಾಯಿ, ಅವಳಿಗೊಬ್ಬ ಮಗ. ತಾಯಿ ಚನ್ನಾಜಮ್ಮ ಕಾಲೇಜಲ್ಲಿ ಕಸ ಗುಡಿಸ್ತಿದ್ದಳು. ಮಗ ಬೋರಲಿಂಗ ಹೇಳಿದ್ದನ್ನು ಹೇಳಿದ ಹಾಗೇ ಮಾಡ್ತಿದ್ದ. ಅದೇ ಕಷ್ಟ. ಗಂಡ ಹೋದ ಮೇಲೆ ಮನೆಯಲ್ಲಿ ಸದ್ದಿಲ್ಲ. ಇವಳು ಮಗನನ್ನು ಬಯ್ದರೆ ಅದೇ ಸದ್ದು.

ಕಾಲೇಜಿನ ಹುಡುಗಿ ನಾಗವೇಣಿ ಪರೀಕ್ಷೆಗೆ ಅಂತ ಒಂದು ಕೊಲೆಯ ಕಿರುಚಿತ್ರ ತೆಗೀತಿದ್ದಳು. ಚನ್ನಾಜಮ್ಮ ಕೈ ಮುಗಿದಳು.

"ಇವನಿಗೂ ಏನಾದ್ರೂ ಕೆಲಸ ಕೊಡವ್ವ."

ಮಗನಿಗೆ ಅಂದಳು, "ಎಲ್ಲಾ ಕಡೆಯಿಂದ ಓಡಿಸವ್ರೆ. ಇಲ್ಲೂ ಓಡಿಸಿದ್ರೆ ಇನ್ಯಾರೂ ಕರೆಯಲ್ಲ ಕಣೋ!"

ಉದ್ದ ಕೋಲಿಗೆ ಮೈಕು ಕಟ್ಟಿ ಅವನ ಕೈಗೆ ಕೊಟ್ಟರು. "ಏನೇ ಆಗಲಿ, ಬಾಯಿ ಬಿಡಬೇಡ" ಅಂದಳು ನಾಗವೇಣಿ.

ಬಿಡಲಿಲ್ಲ. ಸಂಜೆ ಚಿತ್ರ ಹಾಕಿ ಕೇಳಿದರೆ ಸದ್ದೇ ಬಂದಿಲ್ಲ!

"ಮೈಕಿನ ದೀಪ ಹತ್ತಿರಲಿಲ್ಲ ಅಕ್ಕ. ಬೆಳಗ್ಗೆಯೇ ನೋಡಿದೆ."

"ಹೇಳೋದಲ್ವೇನೋ?"

"ಬಾಯಿ ಬಿಡಬೇಡ ಅಂದ್ರಲ್ಲ!"

ತಾಯಿ ಪೊರಕೆ ಹಿಡಿದು ಬಂದಳು. "ಲೋ ಪೆದ್ದೇ! ಕಂಡಿದ್ದನ್ನ ಕೂಗಿ ಹೇಳಬೇಕು!"

ಆಗಲಿ ಅಂದ.

ಮಾರನೇ ದಿನ ಮಬ್ಬು ದೀಪ. ಗೋಡೆ ಮೇಲೆ ಚಾಕುವಿನ ನೆರಳು ಮೆಲ್ಲಗೆ ದೊಡ್ಡದಾಗ್ತಿದೆ. ನಾಯಕಿಗೆ ಗೊತ್ತಿಲ್ಲ. ಎಲ್ಲರೂ ಉಸಿರು ಹಿಡಿದಿದ್ದಾರೆ.

"ಅಕ್ಕೋ, ಹಿಂದೆ ಚಾಕು! ಓಡು!"

ನಾಯಕಿ ಓಡೇಬಿಟ್ಟಳು. ಚಾಕು ಹಿಡಿದವನೂ ಓಡಿದ.

ಮತ್ತೆ ಪೊರಕೆ. "ಲೋ ಪೆದ್ದೇ! ಕ್ಯಾಮೆರಾ ಮುಂದೆ ನಡೆಯೋದೆಲ್ಲ ಸುಳ್ಳು. ನಂಬಬೇಡ!"

ಆಗಲಿ ಅಂದ.

ಮೂರನೇ ದಿನ ಕೊಲೆಗಾರನು ಇನ್ನೊಬ್ಬ ನಟ ಶಶಿಧರನನ್ನು ಕಬ್ಬಿಣದ ಬೀರುವಿಗೆ ತಳ್ಳಿ ಚಿಲಕ ಹಾಕುವ ದೃಶ್ಯ. ತೆಗೆದಾಯಿತು. ಬೋರಲಿಂಗನ ಬಿಟ್ಟು ಎಲ್ಲರೂ ಟೀಗೆ ಹೋದರು. ಒಳಗಿದ್ದವನನ್ನು ಮರೆತರು.

ಧಡ್! ಧಡ್! "ಬಾಗಿಲು ತೆಗೀರೋ! ಉಸಿರು ಕಟ್ತದೆ!"

"ಆಹಾ, ಏನು ಆಕ್ಟಿಂಗು!" ಅಂತ ಬೋರಲಿಂಗ ಮೈಕನ್ನು ಹತ್ತಿರ ಹಿಡಿದ. ಇವತ್ತು ದೀಪ ಹತ್ತಿತ್ತು.

ನಾಗವೇಣಿ ಓಡಿ ಬಂದು ಚಿಲಕ ತೆಗೆದಳು. ಶಶಿಧರ ಬೆವರಲ್ಲಿ ಮಿಂದಿದ್ದ. ಸದ್ಯ, ಏನೂ ಆಗಿರಲಿಲ್ಲ.

"ಲೋ ಪೆದ್ದೇ!" ತಾಯಿ ಅತ್ತೇಬಿಟ್ಟಳು. "ಒಳಗಿಂದ ಯಾರಾದ್ರೂ ಬಾಗಿಲು ಬಡಿದ್ರೆ ಮೊದಲು ಬಾಗಿಲು ತೆಗಿಯೋ!"

ಆಗಲಿ ಅಂದ.

ಚಿತ್ರ ತೋರಿಸುವ ದಿನ ಬಂತು. ತಾಯಿ ಮಗ ಕಾಲೇಜಿನ ಸಭಾಂಗಣದಲ್ಲಿ ಹಿಂದೆ ನಿಂತರು. ಬಾಗಿಲು, ಕಿಟಕಿ ಎಲ್ಲ ಮುಚ್ಚಿ ಕತ್ತಲೆ ಮಾಡಿದ್ದರು. ನಾಗವೇಣಿ ಬೀರುವಿನ ಆ ಬಡಿತವನ್ನೇ ಚಿತ್ರಕ್ಕೆ ಹಾಕಿದ್ದಳು. ಪರದೆ ಪೂರ್ತಿ ಕಪ್ಪು. ಸದ್ದು ಮಾತ್ರ.

ಧಡ್! ಧಡ್! "ಬಾಗಿಲು ತೆಗೀರೋ!"

ಪರೀಕ್ಷೆಗೆ ಬಂದ ಮೇಷ್ಟ್ರು ಕುರ್ಚಿ ಬಿಗಿ ಹಿಡಿದರು.

ಬೋರಲಿಂಗ ನೆಗೆದ. ಸಭಾಂಗಣದ ಬಾಗಿಲೆಲ್ಲ ಪಟಪಟ ತೆಗೆದ! ಬಿಸಿಲು ನುಗ್ಗಿತು. ಪರದೆ ಬೆಳ್ಳಗಾಯಿತು. ಚನ್ನಾಜಮ್ಮ ತಲೆ ಮೇಲೆ ಕೈ ಹೊತ್ತಳು. ಹೋಯ್ತು, ಇದೂ ಹೋಯ್ತು!

ಮೇಷ್ಟ್ರು ಉಸಿರು ಬಿಟ್ಟರು. "ಅಬ್ಬ! ಬಾಗಿಲು ತೆಗೆದದ್ದು ಪುಣ್ಯ. ಬೀರುವಲ್ಲಿ ನಾನೇ ಇದ್ದ ಹಾಗಾಗಿತ್ತು. ಆ ಸದ್ದು ಹಿಡಿದವರ್ಯಾರಮ್ಮ?"

"ಇವನೇ ಸಾರ್" ಅಂದಳು ನಾಗವೇಣಿ. ಅವಳಿಗೆ ನಗು ತಡೆಯಲಾಗಲಿಲ್ಲ. "ಮುಂದಿನ ಚಿತ್ರಕ್ಕೂ ಇವನೇ."

ಚನ್ನಾಜಮ್ಮ ತಲೆ ಮೇಲಿನ ಕೈ ಇಳಿಸಿ ಮುಗಿದಳು. "ಉಳ್ಕೊಂಡ ನನ್ನ ಮಗ!"

ಮಗನಿಗೆ ಅದು ಕೇಳಿಸಲೇ ಇಲ್ಲ. ಪರದೆಯ ಮೂಲೆ ಎತ್ತಿ ಹಿಂದೆ ಇಣುಕುತ್ತಿದ್ದ. "ಬಾಗಿಲು ತೆಗೆದೀನಿ, ಆಚೆ ಬಾರಣ್ಣ!"

ಮುಂದಿನ ಸಾಲಲ್ಲಿ ಕೂತಿದ್ದ ಶಶಿಧರ ಕೂಗಿದ, "ಲೋ, ನಾನಿಲ್ಲೇ ಇದೀನಲ್ಲೋ!"

"ನೀನು ಸುಮ್ನಿರಣ್ಣ! ನಿನ್ನನ್ನ ಅವತ್ತೇ ಬಿಟ್ಟಾಯ್ತು. ಇವನು ಪಾಪ, ಇನ್ನೂ ಒಳಗೇ ಅವನೆ!"